ಕೆರೆಯ ದಡದಲ್ಲಿ ಗಾಳ

ಗಾಳ ಹಾಕಿ ಕೂರುವುದು ಕೆಲಸವಿಲ್ಲದವರು ಹೊತ್ತು ಕಳೆಯುವ ಉಪಾಯವೆಂದು ಹೇಳುವವರು ಇಂದಿಗೂ ಉಂಟು. ಆದರೆ ನಮ್ಮ ನಾಡಿನಲ್ಲಿ ಅದು ಅರಸರಿಗೆ ತಕ್ಕ ವಿನೋದವೆಂದು ಎಣಿಸಲ್ಪಟ್ಟಿದ್ದ ಕಾಲವೊಂದಿತ್ತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮೀನುಗಳ ಜಾತಿಭೇದ, ಅವುಗಳಿಗೆ ಹಾಕತಕ್ಕ ಆಹಾರ, ಗಾಳದಿಂದ ಹಿಡಿಯುವ ಕ್ರಮ, ಇವು ಅಲ್ಲಿ ವಿವರಿಸಲ್ಪಟ್ಟಿವೆ. ಆ ವಿದ್ಯೆಯನ್ನು ಬೆಂಗಳೂರಿನ ಪಡುವಣ ಭಾಗದ ಚಿಕ್ಕ ಕೆರೆಗಳಿಗೆ ಅನ್ವಯಿಸಿದರೆ ನಮಗೆ ತಿಳಿಯುವುದೇನು ಎಂಬುದೇ ಇಂದಿನ ವಿಷಯ.

ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ, ಹೇರೋಹಳ್ಳಿಗಳ ಕೆರೆಗಳು ವೃಷಭಾವತಿಯ ಕಣಿವೆಗೆ ಸೇರಿದವು. ಇಂತಹ ನೀರಿನಲ್ಲಿ ದಡದಿಂದ ಗಾಳ ಹಾಕುವವನಿಗೆ ಹೆಚ್ಚಾಗಿ ಸಿಕ್ಕುವುದು ಜನರು ಜಿಲೇಬಿಯೆಂದು ಕರೆಯುವ ತಿಲಾಪಿಯಾ ಮೀನು. ಇದು ನಮ್ಮ ದೇಶದ್ದಲ್ಲ, ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತರಲ್ಪಟ್ಟಿತು. ಅಮೆರಿಕದ ಚಿಕ್ಕ ಕೊಳಗಳಲ್ಲಿ ಕ್ರ್ಯಾಪಿ ಎಂಬ ಮೀನನ್ನು ದಡದಿಂದ ಹಿಡಿಯುವುದು ಬಹು ಜನಪ್ರಿಯವಾದ ವಿನೋದ. ಕ್ರ್ಯಾಪಿಗೂ ಜಿಲೇಬಿಗೂ ಕುಲ ಬೇರೆಯಾದರೂ ಸ್ವಭಾವದಲ್ಲಿ ಒಂದು ಹೋಲಿಕೆಯುಂಟು. ಚಿಕ್ಕ ಕೊಳದಲ್ಲಿ ಎರಡೂ ಮಿತಿಮೀರಿ ಹೆಚ್ಚುತ್ತವೆ. ಹೆಚ್ಚಿದಷ್ಟೂ ಆಹಾರ ಸಾಲದೆ ಮೈ ಬೆಳೆಯದೆ ಗಿಡ್ಡವಾಗಿಯೇ ಉಳಿಯುತ್ತವೆ. ಆದುದರಿಂದ ಜಿಲೇಬಿಯನ್ನು ಹಿಡಿಯುವವನು ಕೆರೆಗೆ ನಷ್ಟವನ್ನುಂಟುಮಾಡುವುದಿಲ್ಲ.

ಮೊದಲು ಸ್ಥಳದ ವಿಚಾರ. ಕೆರೆಯು ಬೋಗುಣಿಯಂತೆ ಎಲ್ಲ ಕಡೆಯೂ ಸಮನಾದುದಲ್ಲ. ನೀರು ಒಳಬರುವ ಮೇಲ್ದಡದಲ್ಲಿ ಅಂಗಳವು ತೆಳುವಾಗಿ ಹರಡಿರುತ್ತದೆ; ಏರಿಯ ಕಡೆಗೆ, ವಿಶೇಷವಾಗಿ ತೂಬಿನ ಬಳಿ, ಆಳ ಹೆಚ್ಚು. ಬಿಸಿಲು ಬಲವಾದಾಗ ಮೀನು ಆಳಕ್ಕೂ ನೆರಳಿಗೂ ಸರಿಯುತ್ತದೆ. ತಂಪು ಹೊತ್ತಿನಲ್ಲಿ ದಡದ ಜೊಂಡಿನ ಅಂಚಿಗೆ ಮೇಯಲು ಬರುತ್ತದೆ. ಮುಳುಗಿದ ಕೊಂಬೆ, ಕಲ್ಲುಕಟ್ಟಡದ ಮೂಲೆ, ಜೊಂಡು ಮುಗಿದು ತಿಳಿನೀರು ಮೊದಲಾಗುವ ಗೆರೆ, ಇವು ಮೀನಿನ ನೆಲೆಗಳು. ಗಾಳಿಯನ್ನೂ ಗಮನಿಸಬೇಕು. ಮುಂಗಾರಿನ ತಿಂಗಳುಗಳಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಅದು ಮೇಲುನೀರನ್ನೂ ಅದರಲ್ಲಿ ತೇಲುವ ಹುಳುಹುಪ್ಪಟೆಗಳನ್ನೂ ಮೂಡಣ ದಡಕ್ಕೆ ತಳ್ಳುತ್ತದೆ. ಮೀನು ಅವುಗಳನ್ನು ಹಿಂಬಾಲಿಸುತ್ತದೆ.

ಇನ್ನು ಹೊತ್ತಿನ ವಿಚಾರ. ಬೆಳಗಿನ ಜಾವವೇ ಮೇಲೆಂಬ ನಂಬಿಕೆ ಸಾಮಾನ್ಯವಾದುದು. ಪಾಚಿಗಟ್ಟಿದ ಕೆರೆಗೆ ಅದು ಸಲ್ಲದು. ಹಗಲಿನಲ್ಲಿ ಪಾಚಿಯು ಬಿಸಿಲಿನ ಬಲದಿಂದ ನೀರಿಗೆ ಆಮ್ಲಜನಕವನ್ನು ಕೂಡಿಸುತ್ತದೆ. ರಾತ್ರಿ ಆ ಕೆಲಸ ನಿಲ್ಲುತ್ತದೆ. ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಪಾಚಿ, ಮೀನು, ಕೊಳೆಯುವ ಕಸದಲ್ಲಿನ ಸೂಕ್ಷ್ಮಜೀವಿಗಳು, ಎಲ್ಲವೂ ಇದ್ದ ಆಮ್ಲಜನಕವನ್ನೇ ವೆಚ್ಚಮಾಡುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚಿನ ಗಳಿಗೆಯಲ್ಲಿ ನೀರು ಅತ್ಯಂತ ಬಡವಾಗಿರುತ್ತದೆ. ಬೇಸಗೆಯಲ್ಲಿ ಈ ಬಡತನ ಹೆಚ್ಚು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. 900 ಮೀಟರುಗಳಷ್ಟು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇದಕ್ಕೂ ಸ್ವಲ್ಪ ಕಡಿಮೆಯೇ. ಮುಂಜಾನೆ ಮೀನುಗಳು ಗುಂಪುಗುಂಪಾಗಿ ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ನೋಡುವವರು ಸಮೃದ್ಧಿಯೆಂದು ಹಿಗ್ಗುತ್ತಾರೆ. ಅದು ಸಮೃದ್ಧಿಯಲ್ಲ, ಉಸಿರುಕಟ್ಟಿದವರ ಒದ್ದಾಟ. ಆ ಹೊತ್ತಿನಲ್ಲಿ ಮೀನಿಗೆ ಎರೆಯ ಮೇಲೆ ಮನಸ್ಸಿರುವುದಿಲ್ಲ. ಬಿಸಿಲೇರಿ ಒಂದೆರಡು ಗಂಟೆ ಕಳೆದ ಮೇಲೆ, ಇಲ್ಲವೆ ಸಂಜೆ ಹೊತ್ತು ಇಳಿಯುವಾಗ ಕುಳಿತವನಿಗೆ ಫಲ ಹೆಚ್ಚು.

ಸಲಕರಣೆ ಸರಳವಾದುದು. ಹಗುರವಾದ ಬಿದಿರಿನ ಕೋಲು, ಸಣ್ಣ ದಾರ, ಜಿಲೇಬಿಯ ಕಿರುಬಾಯಿಗೆ ತಕ್ಕ ಚಿಕ್ಕ ಗಾಳ, ಅದರ ಮೇಲೆ ಒಂದು ಸೀಸದ ಗುಂಡು, ಬೆಂಡು, ಇಷ್ಟೇ ಸಾಕು. ಎರೆಹುಳುವೂ ಸಲ್ಲುತ್ತದೆ, ಗಟ್ಟಿಯಾಗಿ ನಾದಿದ ಹಿಟ್ಟಿನ ಉಂಡೆಯೂ ಸಲ್ಲುತ್ತದೆ. ಕಾವೇರಿಯಲ್ಲಿ ದೊಡ್ಡ ಮಹಶೀರ್ ಮೀನನ್ನೇ ಮರುಳುಗೊಳಿಸಿದ ರಾಗಿಯ ಮುದ್ದೆ ಇಲ್ಲಿಯೂ ಕೆಲಸಕ್ಕೆ ಬಾರದಿರದು. ಬೆಂಡನ್ನು ಮೇಲೆ ಕೆಳಗೆ ಸರಿಸಿ, ಎರೆಯು ತಳದಿಂದ ಒಂದು ಗೇಣು ಮೇಲೆ ತೂಗುವಂತೆ ಮಾಡಬೇಕು. ಬೆಂಡು ಸುಮ್ಮನೆ ನಡುಗಿದರೆ ಮೀನು ಇನ್ನೂ ರುಚಿ ನೋಡುತ್ತಿದೆಯೆಂದು ಅರ್ಥ. ಓರೆಯಾಗಿ ಸರಿದು ಮುಳುಗಿದಾಗ ಕೋಲನ್ನೆತ್ತಬೇಕು. ದಡದ ಮೇಲೆ ದಡದಡನೆ ನಡೆಯಬಾರದು. ಮೀನಿನ ಪಕ್ಕೆಯುದ್ದಕ್ಕೂ ಇರುವ ಇಂದ್ರಿಯರೇಖೆಗೆ ನೀರಿನ ಅತಿ ಸಣ್ಣ ಕಂಪನವೂ ತಿಳಿಯುತ್ತದೆ. ಹರಿದ ದಾರವನ್ನು ದಡದಲ್ಲಿ ಬಿಟ್ಟು ಬರುವುದು ಮಹಾಪರಾಧ. ನೀರುಕಾಗೆ, ಹೆಜ್ಜಾರ್ಲೆಗಳ ಕಾಲಿಗೂ ಕೊರಳಿಗೂ ಅದು ಉರುಳಾಗುತ್ತದೆ.

ಎಲ್ಲ ಮೀನನ್ನೂ ಹಿಡಿಯತಕ್ಕದ್ದಲ್ಲ. ಹಾವಿನಂಥ ತಲೆಯುಳ್ಳ ಕೊರವವು ನಮ್ಮ ಕೆರೆಗಳ ಹಳೆಯ ಒಕ್ಕಲು. ಮರಿಗಳ ಮಂದೆಯು ನೀರಿನ ಮೇಲ್ಭಾಗದಲ್ಲಿ ಆಡುವಾಗ ತಾಯಿತಂದೆಗಳು ಅದರಡಿ ಕಾವಲಿರುತ್ತವೆ. ಆಗ ದೊಡ್ಡ ಮೀನನ್ನು ಹಿಡಿದರೆ ಮಂದೆಯೆಲ್ಲ ಇತರ ಮೀನುಗಳ ಪಾಲಾಗುತ್ತದೆ. ಅಲ್ಲದೆ ಕೆರೆಯ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯು ಗುತ್ತಿಗೆಗೆ ಕೊಡುವುದುಂಟು. ಕೆಲವು ಕೆರೆಗಳಲ್ಲಿ ಗಾಳ ಹಾಕುವುದೇ ನಿಷಿದ್ಧ. ವಿಚಾರಿಸಿ, ಅಪ್ಪಣೆ ಪಡೆದು, ಆಮೇಲೆ ಕೂರುವುದು ಲೇಸು.

ಇಷ್ಟು ಬಲ್ಲವನು ಮೀನಿನ ಜೊತೆಗೆ ಇನ್ನೊಂದನ್ನೂ ಹಿಡಿಯುತ್ತಾನೆ, ಕೆರೆಯ ಸಮಾಚಾರವನ್ನು. ಕಾಟ್ಲ, ರೋಹು, ಚಿಕ್ಕ ಪಕ್ಕೆ ಮೀನುಗಳು ಚೆನ್ನಾಗಿ ಬೆಳೆಯುತ್ತಿದ್ದರೆ ನೀರಿನಲ್ಲಿ ಉಸಿರು ಸಾಕಷ್ಟಿದೆಯೆಂದು ಭಾವಿಸಬಹುದು. ಜಿಲೇಬಿಯು ಬಹಳ ಬಡನೀರಿನಲ್ಲಿಯೂ ಬಾಳಬಲ್ಲುದು. ಕೊರವವೂ, ಸಾಕಣೆ ನಿಷಿದ್ಧವಾಗಿದ್ದರೂ ಹಲವು ಕೆರೆಗಳನ್ನು ಹೊಕ್ಕಿರುವ ಆಫ್ರಿಕಾದ ಮೀಸೆಮೀನೂ ಮೇಲೆ ಬಂದು ಗಾಳಿಯನ್ನೇ ಕುಡಿಯಬಲ್ಲವು. ಮೊದಲಿನ ಬಗೆಯವು ಮಾಯವಾಗಿ ಕೊನೆಯ ಬಗೆಯವೇ ಗಾಳಕ್ಕೆ ಬೀಳತೊಡಗಿದರೆ ಕೆರೆಯು ರೋಗಗ್ರಸ್ತವಾಗಿದೆಯೆಂದು ಶಂಕಿಸಬೇಕು.

ಹಿಂದೆ ಹೊಸಮಳೆಯ ನೀರು ಕೆರೆಗೆ ನುಗ್ಗಿದಾಗ ಮೀನುಗಳು ಅದಕ್ಕೆದುರಾಗಿ ಏರುತ್ತಿದ್ದವು. ಹಳ್ಳಿಯವರಿಗೆ ಅದು ಹಬ್ಬ. ಈಗ ನಗರದ ರಾಜಕಾಲುವೆಗಳಲ್ಲಿ ತಿಂಗಳುಗಟ್ಟಲೆ ನಿಂತ ಕೊಳಚೆಯನ್ನು ಮೊದಲ ಮಳೆಯೇ ಕೊಚ್ಚಿ ತಂದು ಕೆರೆಗೆ ಸುರಿಯುತ್ತದೆ. ಅದು ಕೊಳೆಯುತ್ತ ಆಮ್ಲಜನಕವನ್ನೆಲ್ಲ ಹೀರಿದರೆ ಮೀನಿನ ಪಾಲಿಗೆ ಹೊಸನೀರೇ ಮೃತ್ಯು. ಮಳೆಗಾಲಕ್ಕೆ ಮುಂಚೆಯೂ ಇಂತಹದು ನಡೆಯಬಹುದು. ನಗರದ ಮೂಡಣ ಭಾಗದ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಅನೇಕರು ಬಲ್ಲರು. ವೃಷಭಾವತಿಯ ಕಣಿವೆಯಲ್ಲಿ ಮನೆಗಳ ಕೊಳಚೆಯೊಡನೆ ಕಾರ್ಖಾನೆಗಳ ತ್ಯಾಜ್ಯವೂ ಸೇರಿದೆ. ಭಾರಲೋಹಗಳು ಮೀನಿನ ಮೈಯಲ್ಲಿ ಸಂಗ್ರಹವಾಗುವುದರಿಂದ ಕೊಳಚೆ ಸೇರುವ ಕೆರೆಯ ಮೀನನ್ನು ಅಡಿಗೆಮನೆಗೆ ಒಯ್ಯದಿರುವುದೇ ವಿವೇಕ. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ.

ನಡೆದಾಡಲು ಕಲ್ಲುಹಾಸು, ಕೂರಲು ಬೆಂಚು, ಸುತ್ತ ಬೇಲಿ, ಇವಿಷ್ಟಿದ್ದರೆ ಕೆರೆ ಉಳಿಯಿತೆಂದು ನಾವು ತೃಪ್ತರಾಗುವುದುಂಟು. ಆದರೆ ಕೆರೆಯ ಯೋಗಕ್ಷೇಮ ಇರುವುದು ನೀರಿನಲ್ಲಿ. ಅದನ್ನು ಪರೀಕ್ಷಿಸಲು ಪ್ರಯೋಗಶಾಲೆಗಳು ಬೇಕು, ನಿಜ. ಅವುಗಳ ಜೊತೆಗೆ ಬೆಂಡಿನ ಮೇಲೆ ಕಣ್ಣಿಟ್ಟು ತಾಳ್ಮೆಯಿಂದ ಕೂರಬಲ್ಲ ನಾಗರಿಕರೂ ಬೇಕು. ಈ ವರ್ಷ ಯಾವ ಮೀನು ಸಿಕ್ಕಿತು, ಯಾವುದು ಸಿಕ್ಕಲಿಲ್ಲ ಎಂಬುದನ್ನು ಗುರುತು ಹಾಕಿಟ್ಟುಕೊಂಡು, ಕೆಡುಕು ಕಂಡಾಗ ಸಂಬಂಧಪಟ್ಟವರಿಗೆ ತಿಳಿಸುವವರು ಪ್ರತಿಯೊಂದು ಕೆರೆಗೂ ನಾಲ್ಕು ಮಂದಿಯಿದ್ದರೆ, ಮೀನುಗಳು ಸತ್ತು ತೇಲುವವರೆಗೆ ಊರು ಕಾಯಬೇಕಾಗುವುದಿಲ್ಲ.