ಪೊಟ್ಟಣದ ಮೇಲಿನ ತ್ರಿಕೋನ ಏನು ಹೇಳುತ್ತದೆ?

ಪೋಷಕರೇ, ಪರಿಸರದ ಪಾಠ ಓದುತ್ತಿರುವ ಮಗು ‘ಮರುಬಳಕೆ ಎಂದರೇನು?’ ಎಂದು ಕೇಳಿದರೆ ಏನು ಹೇಳುತ್ತೀರಿ? ಖಾಲಿ ಡಬ್ಬಿಗೆ ಸಾಸಿವೆ ತುಂಬಿಡುವುದನ್ನೂ ಮರುಬಳಕೆ ಎನ್ನುತ್ತೇವೆ, ಒಡೆದ ಬಕೆಟ್ ಕರಗಿಸಿ ಹೊಸ ವಸ್ತು ಮಾಡುವುದನ್ನೂ ಹಾಗೆಯೇ ಕರೆಯುತ್ತೇವೆ. ಎರಡೂ ಒಂದಲ್ಲ. ಮೊದಲನೆಯದನ್ನು ಪುನರ್ಬಳಕೆ, ಎರಡನೆಯದನ್ನು ಮರುಚಕ್ರೀಕರಣ ಎಂದು ಬೇರೆಮಾಡಿ ಹೇಳಿಕೊಡಿ. ಪುನರ್ಬಳಕೆಗೆ ಕಾರ್ಖಾನೆ ಬೇಡ, ಆದ್ದರಿಂದ ಅದಕ್ಕೇ ಮೊದಲ ಸ್ಥಾನ.

ಗಡಿನಾಡಿನ ನಮ್ಮ ಮಕ್ಕಳಿಗೆ ಪಾಠ ಕನ್ನಡದಲ್ಲಿದೆ. ಪೊಟ್ಟಣದ ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಊರಿನ ಕಸದ ಫಲಕ ಮಲಯಾಳಂ, ತಮಿಳು, ಮರಾಠಿ ಇಲ್ಲವೇ ತೆಲುಗಿನಲ್ಲಿರುತ್ತದೆ. ಈ ಮೂರನ್ನೂ ಜೋಡಿಸಿಕೊಡಲು ಮನೆಯ ಅಡುಗೆಕೋಣೆಯೇ ಒಳ್ಳೆಯ ಜಾಗ.

ಬಾಟಲಿಯನ್ನು ಮಗುಚಿ ನೋಡಿ. ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಗುರುತು ಇದು. ಇದು ಮರುಚಕ್ರೀಕರಣದ ಭರವಸೆಯಲ್ಲ, ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ.

1 ಎಂದರೆ ಪೆಟ್. ನೀರಿನ ಬಾಟಲಿಗಳು ಇದರವು, ಕರಗಿಸಿ ಪಾಲಿಯೆಸ್ಟರ್ ನೂಲು ತೆಗೆಯುತ್ತಾರೆ. 2 ಶಾಂಪೂ ಬಾಟಲಿಯ ಗಟ್ಟಿ ಪಾಲಿಥಿನ್. 3 ಪಿವಿಸಿ, ಪೈಪಿನ ಪ್ಲಾಸ್ಟಿಕ್. 4 ಹಾಲಿನ ಕವರಿನಂಥ ಮೆದು ಪಾಲಿಥಿನ್. 5 ಊಟದ ಡಬ್ಬಿಗಳಲ್ಲಿ ಕಾಣುವ ಪಾಲಿಪ್ರೊಪಿಲೀನ್. 6 ಪಾಲಿಸ್ಟೈರೀನ್, ಥರ್ಮೋಕೋಲ್ ಇದೇ. ಉಳಿದದ್ದೆಲ್ಲ 7.

ಮಕ್ಕಳ ಕೈಯಲ್ಲಿರುವ ಚಿಪ್ಸ್ ಪೊಟ್ಟಣ ಬಹುಪದರದ್ದು. ಗಾಳಿ, ತೇವ ಒಳಗೆ ಹೋಗದಂತೆ ಪ್ಲಾಸ್ಟಿಕ್ ಹಾಳೆಗಳ ನಡುವೆ ತೆಳುವಾದ ಅಲ್ಯೂಮಿನಿಯಂ ಲೇಪ ಇರುತ್ತದೆ. ಪದರಗಳನ್ನು ಬಿಡಿಸುವುದು ಕಷ್ಟ, ಹಾಗಾಗಿ ಗುಜರಿಯವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ.

‘ಕಾಂಪೋಸ್ಟಬಲ್’ ಎಂದು ಬರೆದ ಚೀಲ ಸಿಕ್ಕಿದರೆ ಹಿತ್ತಲಿಗೆ ಎಸೆಯಬೇಡಿ. ಅದು ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ನಿಜ. ಆದರೆ ಅದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ, ತೇವ ಮತ್ತು ಸೂಕ್ಷ್ಮಜೀವಿಗಳಿರುವ ಗೊಬ್ಬರದ ಘಟಕ ಬೇಕು. ಮನೆಯ ತಿಪ್ಪೆಯಲ್ಲಿ ಅಷ್ಟು ಕಾವು ಬಹುಕಾಲ ನಿಲ್ಲುವುದಿಲ್ಲ. ಕೊಳೆಯದೆ ಚೂರಾಗುತ್ತ ಹೋಗುವ ಪ್ಲಾಸ್ಟಿಕ್ 5 ಮಿಲಿಮೀಟರಿಗಿಂತ ಚಿಕ್ಕದಾದಾಗ ಅದೇ ಸೂಕ್ಷ್ಮ ಪ್ಲಾಸ್ಟಿಕ್.

‘ಮೈಕ್ರಾನ್’ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 2022ರ ಡಿಸೆಂಬರ್ 31ರಿಂದ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲ ಕನಿಷ್ಠ 120 ಮೈಕ್ರಾನ್ ದಪ್ಪವಿರಬೇಕು. ಅದೇ ವರ್ಷ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ರಾಜ್ಯದ ನಿಯಮ ಇನ್ನೂ ಬಿಗಿಯಿರಬಹುದು. ತಮಿಳುನಾಡಿನಲ್ಲಿ 2019ರ ಜನವರಿಯಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ತಡೆ ಬಿದ್ದಿತ್ತು. ತಾಳವಾಡಿ, ಹೊಸೂರಿನ ಮಕ್ಕಳಿಗೆ ಹಳದಿ ಬಟ್ಟೆಚೀಲ ‘ಮಂಜಪ್ಪೈ’ಯ ಪರಿಚಯ ಇದ್ದೇ ಇರುತ್ತದೆ. ಪುನರ್ಬಳಕೆಗೆ ಅದಕ್ಕಿಂತ ಸುಲಭ ಉದಾಹರಣೆ ಬೇಡ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಬಚ್ಚಲೊಲೆ ಹೊತ್ತಿಸಲು ಹಾಲಿನ ಕವರ್ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಪ್ಲಾಸ್ಟಿಕ್ಕಿನ ಹೊಗೆ ಒಲೆಯ ಮುಂದೆ ಚಳಿ ಕಾಯಿಸುವ ಮಗುವಿನ ಎದೆಗೇ ಹೋಗುತ್ತದೆ. ಪಿವಿಸಿ ಸುಟ್ಟರಂತೂ ಹೈಡ್ರೋಜನ್ ಕ್ಲೋರೈಡ್ ಅನಿಲ ಮತ್ತು ಡಯಾಕ್ಸಿನ್ ಎಂಬ ವಿಷ ಹೊರಡುತ್ತವೆ. ಪಾಠದಲ್ಲಿ ‘ವಾಯುಮಾಲಿನ್ಯ’ ಓದುವ ಮಗುವಿಗೆ ಮನೆಯ ಒಲೆಯೂ ಪಾಠವೇ.

ಇಷ್ಟು ಮಾಡಿ. ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಕವರನ್ನು ತೊಳೆದು, ಒಣಗಿಸಿ ಕೂಡಿಡಿ. ಕಾಸರಗೋಡು, ವಯನಾಡಿನಲ್ಲಾದರೆ ಮನೆಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯವರಿಗೆ ಕೊಡಿ, ಬೇರೆಡೆ ಒಣಕಸದ ಗಾಡಿಗೋ ಗುಜರಿಗೋ ಕೊಡಿ. ಈ ಭಾನುವಾರ ಮನೆಯಲ್ಲಿರುವ ಹತ್ತು ಪೊಟ್ಟಣಗಳ ಅಂಕಿಗಳನ್ನು ಮಗುವಿನಿಂದ ಹುಡುಕಿಸಿ, ವಸ್ತುವಿನ ಹೆಸರು, ಪ್ಲಾಸ್ಟಿಕ್ಕಿನ ಜಾತಿ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಸಿ.