ಬಿಪಿಟಿ ಓದ್ತೀರಾ? ಮೊದಲ ವರ್ಷದಿಂದಲೇ ಹೀಗೆ ತಯಾರಾಗಿ

ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಪದವಿ. ಪಿಯುಸಿ ಸೈನ್ಸ್ ಮುಗಿಸಿ ಬಂದವರಿಗೆ ಮೊದಲು ಎದುರಾಗೋದು ಅನಾಟಮಿ. ಬಾಯಿಪಾಠ ಮಾಡಿದ್ರೆ ಪರೀಕ್ಷೆ ಪಾಸಾಗಬಹುದು, ಆದ್ರೆ ರೋಗಿ ಮುಂದೆ ಕೈ ಓಡಲ್ಲ. ಯಾವ ಸ್ನಾಯು ಎಲ್ಲಿ ಶುರುವಾಗುತ್ತೆ, ಯಾವ ನರ ಅದನ್ನ ಆಡಿಸುತ್ತೆ, ನಿಮ್ಮ ಮೈಮೇಲೇ ಮುಟ್ಟಿ ನೋಡಿ ಕಲಿಯಿರಿ.

ಗೋನಿಯೋಮೀಟರ್, ಅಂದ್ರೆ ಕೀಲು ಎಷ್ಟು ಮಡಚುತ್ತೆ ಅಂತ ಅಳೆಯೋ ಸಾಧನ, ಸಿಕ್ಕ ದಿನದಿಂದ ಸ್ನೇಹಿತರ ಮಂಡಿ ಅಳೆಯಿರಿ. ಅದರ ನಡುಬಿಂದು ಮಂಡಿಯ ಹೊರಬದಿಯ ಮೂಳೆ ಉಬ್ಬಿನ ಮೇಲೆ. ಒಂದು ತೋಳು ತೊಡೆಯ ಉದ್ದಕ್ಕೂ ಸೊಂಟದ ಕಡೆಗೆ, ಇನ್ನೊಂದು ಪಾದದ ಹೊರಗಂಟಿನ ಕಡೆಗೆ. ಇಷ್ಟು ಕರಾರುವಾಕ್ಕಾಗಿ ಯಾಕೆ? ಕುರ್ಚಿ ಮೇಲೆ ಕೂರೋಕೆ ಮಂಡಿ ಸುಮಾರು 90 ಡಿಗ್ರಿ ಮಡಚಿದ್ರೆ ಸಾಕು. ಕುಕ್ಕರಗಾಲಲ್ಲಿ ಕೂರೋಕೆ ಅದಕ್ಕಿಂತ ತುಂಬಾ ಹೆಚ್ಚು ಬೇಕು. ಗದ್ದೆಯಲ್ಲಿ ಕಳೆ ಕೀಳೋ ಅಮ್ಮನಿಗೆ ಆ ಉಳಿದ ಡಿಗ್ರಿಗಳೇ ಜೀವನ.

ಪುಸ್ತಕಗಳೆಲ್ಲ ಇಂಗ್ಲಿಷ್, ರೋಗಿ ಮಾತಾಡೋದು ಕನ್ನಡ. ‘ನೋವು ಚುಚ್ಚುತ್ತಾ, ಸೆಳೆಯುತ್ತಾ, ಜೋಮು ಹಿಡಿಯುತ್ತಾ?’ ಅಂತ ಕೇಳೋದನ್ನ ಈಗಲೇ ರೂಢಿ ಮಾಡ್ಕೊಳ್ಳಿ. ಜೋಮು ಅಂದ್ರೆ ನರವನ್ನ ಪರೀಕ್ಷೆ ಮಾಡಲೇಬೇಕು. ಈ ಒಂದು ಪ್ರಶ್ನೆ ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು.

ಇನ್ನೂ ಕಾಲೇಜು ಹುಡುಕ್ತಿದ್ದೀರಾ? ಹಾಗಾದ್ರೆ ಜೊತೆಗೆ ಆಸ್ಪತ್ರೆ ಇದೆಯಾ, ಅಲ್ಲಿಗೆ ನಿಜಕ್ಕೂ ರೋಗಿಗಳು ಬರ್ತಾರಾ, ಕಣ್ಣಾರೆ ನೋಡಿ ಬನ್ನಿ. ಆಮೇಲೆ ಫೀಸು ಕಟ್ಟಿ.