ಶಂಕರಪುರ ಮಲ್ಲಿಗೆ: ಅಟ್ಟೆಯ ಲೆಕ್ಕ, ನಾರಿನ ಗಂಟು

ಅರಬ್ಬಿ ಸಮುದ್ರಕ್ಕೂ ಘಟ್ಟದ ಬುಡಕ್ಕೂ ನಡುವೆ ಹಬ್ಬಿರುವ ಉಡುಪಿ ಜಿಲ್ಲೆಯಲ್ಲಿ ವಸಂತದ ಹೂವೆಂದರೆ ಮಲ್ಲಿಗೆ, ಅದರಲ್ಲೂ ಕಾಪು ತಾಲ್ಲೂಕಿನ ಶಂಕರಪುರದ ಹೆಸರಿನಲ್ಲಿ ಮಾರಾಟವಾಗುವ ಮಲ್ಲಿಗೆ. ಸಸ್ಯಶಾಸ್ತ್ರಜ್ಞರು ಜಾಸ್ಮಿನಮ್ ಸಂಬಾಕ್ ಎಂದು ಕರೆಯುವ ಈ ಪೊದೆಗಿಡ ಏಷ್ಯಾದ ಅನೇಕ ದೇಶಗಳಲ್ಲಿ ಬೆಳೆಯುತ್ತದೆ. 1934ರಲ್ಲಿ ಫಿಲಿಪ್ಪೀನ್ಸ್ ಇದನ್ನು ತನ್ನ ರಾಷ್ಟ್ರಪುಷ್ಪವೆಂದು ಘೋಷಿಸಿತು. ಕರಾವಳಿಯ ಜಂಬಿಟ್ಟಿಗೆ ಮಣ್ಣು, ತೇವ ತುಂಬಿದ ಗಾಳಿ ಮತ್ತು ತಲೆಮಾರುಗಳ ಕೃಷಿಯ ಆರೈಕೆಯಲ್ಲಿ ಇಲ್ಲಿ ಅದು ಪಡೆದ ಗುಣವನ್ನು ಗುರುತಿಸಿ, ‘ಉಡುಪಿ ಮಲ್ಲಿಗೆ’ ಎಂಬ ಹೆಸರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರನ್ನು ಇತರರು ಬಳಸದಂತೆ ಕಾನೂನು ಒದಗಿಸುವ ರಕ್ಷಣೆ, ದೊರೆತಿದೆ. ಮೈಸೂರು ಮತ್ತು ಹಡಗಲಿಯ ಮಲ್ಲಿಗೆಗಳೂ ಇದೇ ಮಾನ್ಯತೆ ಪಡೆದಿವೆ.

ಆದರೆ ಶಂಕರಪುರದ ನಿಜವಾದ ವೈಶಿಷ್ಟ್ಯವಿರುವುದು ಮಾರಾಟದ ಕ್ರಮದಲ್ಲಿ. ನಾಡಿನ ಬಹುಪಾಲು ಮಾರುಕಟ್ಟೆಗಳಲ್ಲಿ ರೈತ ಬಿಡಿಹೂವನ್ನು ತೂಕಕ್ಕೆ ಕೊಟ್ಟು ಹೋಗುತ್ತಾನೆ, ಮಾಲೆ ಕಟ್ಟಿದ ಲಾಭ ಬೇರೆಯವರ ಪಾಲಾಗುತ್ತದೆ. ಇಲ್ಲಿ ಹೂವು ಬೆಳೆಗಾರರ ಮನೆಯಿಂದ ಹೊರಡುವುದೇ ಕಟ್ಟಿದ ರೂಪದಲ್ಲಿ, ಅದೂ ತೂಕದ ಬದಲು ಎಣಿಕೆಯ ಲೆಕ್ಕದಲ್ಲಿ. ಸುಮಾರು 800 ಮೊಗ್ಗುಗಳನ್ನು ಕಟ್ಟಿ ಸುತ್ತಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೀಗಾಗಿ ಅಟ್ಟೆಯೊಂದರಲ್ಲಿ 3,200ರಷ್ಟು ಮೊಗ್ಗುಗಳಿರುತ್ತವೆ. ಅಟ್ಟೆಗೆ ಆಯಾ ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ, ಉಡುಪಿ ಮಂಗಳೂರುಗಳ ಅಂಗಡಿಗಳಿಗೂ ಮುಂಬಯಿಗೆ ಹೊರಡುವ ಕಟ್ಟುಗಳಿಗೂ ಆ ದರವೇ ಆಧಾರ. ಕೆಲವೇ ಸೆಂಟ್ಸ್ ಜಾಗದಲ್ಲಿ ಹತ್ತಾರು ಗಿಡಗಳನ್ನು ಇಟ್ಟುಕೊಂಡ ಮನೆಗೂ ನಿತ್ಯದ ಆದಾಯ ಸಿಗುವುದು, ಆ ಆದಾಯದ ಬಹುಭಾಗ ಮನೆಯ ಹೆಂಗಸರ ಕೈ ಸೇರುವುದು ಈ ಕ್ರಮದ ಫಲ. ಕಾಪು, ಉಡುಪಿ, ಕಾರ್ಕಳ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ರೈಸ್ತ, ಹಿಂದೂ ಮನೆಗಳೆರಡರಲ್ಲೂ ಮಲ್ಲಿಗೆ ಉಳಿದುಕೊಂಡಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಕಾಣುವುದಿಲ್ಲ.

ಕೃಷಿಯ ವಿಧಾನ ಸರಳವೆನಿಸಿದರೂ ಎಚ್ಚರ ಬೇಡುತ್ತದೆ. ಗಿಡವನ್ನು ಬೀಜದಿಂದಲ್ಲ, ಬಲಿತ ಕಡ್ಡಿಗೆ ಬೇರು ಬರಿಸಿ ಬೆಳೆಸುತ್ತಾರೆ. ದಿನದ ಬಹುಹೊತ್ತು ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಸೊರಗುತ್ತದೆ. ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ ಆದ್ದರಿಂದ ಮಳೆ ನಿಂತ ಮೇಲೆ ಗೆಲ್ಲುಗಳನ್ನು ಸವರಿ, ಹಟ್ಟಿಗೊಬ್ಬರವನ್ನೂ ನೆಲಗಡಲೆ ಹಿಂಡಿ ನೆನೆಸಿದ ನೀರನ್ನೂ ಕೊಟ್ಟು ಚಿಗುರನ್ನು ಬರಿಸುತ್ತಾರೆ. ಮೊಗ್ಗು ಕೊರೆಯುವ ಹುಳು ಇದರ ದೊಡ್ಡ ಶತ್ರು. ಮಣಿಪಾಲ, ಉಡುಪಿಯಂಥ ಪೇಟೆಗಳಲ್ಲಿ ಅಂಗಳವಿಲ್ಲದವರು ತಾರಸಿಯ ಮೇಲೆ ಕುಂಡಗಳಲ್ಲಿಯೂ ಈ ಗಿಡವನ್ನು ಬೆಳೆಸುತ್ತಾರೆ, ಬಿಸಿಲಿಗೆ ಅಲ್ಲಿ ಕೊರತೆಯಿಲ್ಲ.

ಚಳಿಗೆ ಮುದುಡಿಕೊಂಡಿದ್ದ ಇಳುವರಿ ಮಾರ್ಚಿನಿಂದ ಏರತೊಡಗಿ, ತುಳುವರ ಪಂಚಾಂಗದ ಸುಗ್ಗಿ, ಪಗ್ಗು, ಬೇಶ ತಿಂಗಳುಗಳಲ್ಲಿ ತುದಿ ಮುಟ್ಟುತ್ತದೆ. ತುಳುನಾಡಿನ ಕೋಲ, ನೇಮ, ಯಕ್ಷಗಾನದ ತಿರುಗಾಟಗಳೆಲ್ಲ ಬೇಶದ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮುಗಿಯುವುದರಿಂದ ಹೂವಿನ ಸಮೃದ್ಧಿಯೂ ಉತ್ಸವಗಳ ಭರಾಟೆಯೂ ಒಂದೇ ಕಾಲಕ್ಕೆ ಬೀಳುತ್ತವೆ. ಸುಗ್ಗಿಯಲ್ಲಿ ಕಾಪುವಿನ ಮಾರಿಗುಡಿಗಳಲ್ಲಿ ನಡೆಯುವ ಮಾರಿಪೂಜೆಗೆ ಭಕ್ತರು ಒಪ್ಪಿಸುವ ಹೂವುಗಳಲ್ಲಿ ಮಲ್ಲಿಗೆಗೆ ಮೊದಲ ಸ್ಥಾನ. ಏಪ್ರಿಲ್ ನಡುವೆ ಬರುವ ಬಿಸು ಹಬ್ಬದ ಬಳಿಕ ಮದುವೆಗಳು ಸಾಲುಗಟ್ಟುತ್ತವೆ. ಮದುಮಗಳ ಜಡೆಗೆ ಈ ಹೂವು ಏರದ ಮದುವೆ ಇಲ್ಲಿ ಅಪರೂಪ. ನಾಗಾರಾಧನೆಯಲ್ಲಿ ಹಿಂಗಾರ ಎಂಬ ಅಡಕೆಯ ಹೊಂಬಾಳೆ ಮುಖ್ಯವಾದರೆ, ಭೂತಾರಾಧನೆಯ ಅಲಂಕಾರದಲ್ಲಿ ಕೆಂಪು ಕೇಪಳ, ಹೊಂಬಣ್ಣದ ಹಿಂಗಾರ, ಬಿಳಿಯ ಮಲ್ಲಿಗೆ ಮೂರೂ ಜೊತೆಗೂಡುತ್ತವೆ. ಕರಾವಳಿಯ ಪುಷ್ಪಾಲಂಕಾರ ಕಲೆಗೆ ಮಾದರಿ ಹುಡುಕುವವರು ಈ ಮೂರು ಬಣ್ಣಗಳ ಹೊಂದಿಕೆಯನ್ನೇ ಮೊದಲು ನೋಡಬೇಕು.

ಅಟ್ಟೆಯ ಹಿಂದಿರುವ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ. ಸಂಜೆಗೆ ಅರಳಬೇಕಾದ, ತುಂಬಿ ಬೆಳ್ಳಗಾದರೂ ಬಾಯಿ ಬಿಡದ ಮೊಗ್ಗನ್ನು ಮಾತ್ರ ಆರಿಸಿ ಕೊಯ್ಯಬೇಕು. ಹಸಿರು ಛಾಯೆ ಉಳಿದ ಮೊಗ್ಗನ್ನು ಮರುದಿನಕ್ಕೆ ಬಿಡಬೇಕು. ಕಟ್ಟಲು ಹತ್ತಿಯ ದಾರವನ್ನು ಬಳಸದೆ, ಬಾಳೆಯ ಕಾಂಡದ ಪದರಗಳನ್ನು ಒಣಗಿಸಿ ಸೀಳಿದ ನಾರನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿಕೊಳ್ಳುತ್ತಾರೆ, ಏಕೆಂದರೆ ಅದು ತೊಟ್ಟನ್ನು ಕತ್ತರಿಸುವುದಿಲ್ಲ, ತೇವವನ್ನೂ ಹಿಡಿದಿಡುತ್ತದೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಮೊಗ್ಗುಗಳ ತೊಟ್ಟುಗಳನ್ನು ಜೋಡಿಸಿ ಹಿಡಿದು, ಬಲಗೈಯಿಂದ ನಾರನ್ನು ಸುತ್ತಿ, ಕುಣಿಕೆಯೊಳಗೆ ತೂರಿಸಿ ಎಳೆಯುತ್ತಾರೆ; ಬಿಗಿ ಹೆಚ್ಚಾದರೆ ತೊಟ್ಟು ನಲುಗುತ್ತದೆ, ಸಡಿಲವಾದರೆ ಮೊಗ್ಗು ಜಾರುತ್ತದೆ. ಪಳಗಿದ ಕೈಗೆ ಮಾತ್ರ ಒಲಿಯುವ ಈ ಹದವನ್ನು ಯಾವ ಯಂತ್ರವೂ ಇನ್ನೂ ಕಲಿತಿಲ್ಲ.

ಮಳೆಗಾಲದಲ್ಲಿ ಇಳುವರಿ ಕುಸಿದು ಚೌತಿ, ನವರಾತ್ರಿಗಳಿಗೆ ಬೇಡಿಕೆ ಏರಿದಾಗ ದರ ಗಗನಕ್ಕೇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದೂ ಉಂಟು. ಬೇಸಿಗೆಯಲ್ಲಿ ಹೂವು ಹೆಚ್ಚಾದಂತೆ ದರ ಇಳಿದು, ಅದೇ ಹೊತ್ತಿಗೆ ಕೊಯ್ಯುವ, ಕಟ್ಟುವ ಕೆಲಸ ಹಲವು ಪಟ್ಟು ಬೆಳೆಯುತ್ತದೆ. ಮನೆಯ ಮಕ್ಕಳು ಓದು, ಉದ್ಯೋಗಗಳಿಗಾಗಿ ಊರು ಬಿಟ್ಟಿರುವ ಕಡೆಗಳಲ್ಲಿ ಆ ಕೆಲಸ ವಯಸ್ಸಾದ ಹೆಂಗಸರ ಮೇಲೆಯೇ ಬಿದ್ದಿದೆ, ಹೂವಿದ್ದರೂ ಕಟ್ಟುವವರಿಲ್ಲದೆ ಗಿಡದಲ್ಲೇ ಬಿಡಬೇಕಾಗುತ್ತದೆ. ಭೌಗೋಳಿಕ ಸೂಚ್ಯಂಕ ಹೆಸರನ್ನು ಕಾಯಬಲ್ಲದು, ಕಟ್ಟುವ ಕೈಗಳನ್ನು ಒದಗಿಸಲಾರದು. ಗಿಡ, ಗೊಬ್ಬರಗಳಿಗೆ ನೆರವು ನೀಡುವ ತೋಟಗಾರಿಕಾ ಯೋಜನೆಗಳು ನಾರು ಸೀಳಿ ಹೂ ಕಟ್ಟುವ ವಿದ್ಯೆಗೂ ತರಬೇತಿ ಮತ್ತು ನ್ಯಾಯವಾದ ಕೂಲಿಯನ್ನು ಗೊತ್ತುಮಾಡಬೇಕು. ಶಂಕರಪುರ ಮಲ್ಲಿಗೆಗೆ ಈಗ ಅಗತ್ಯವಾಗಿ ಬೇಕಾದ ಆರೈಕೆ ಇದೇ.